ಗೋದಲಿಯಲ್ಲಿ ಜಾಗ ಸಿಗದ ಊರು

ಕ್ರಿಸ್ಮಸ್ ಹತ್ತಿರ ಬಂತೆಂದರೆ ನಮ್ಮ ಚರ್ಚಿನ ಹುಡುಗರಿಗೆ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ ಗುಂಗು ಹತ್ತುತ್ತದೆ. ಡಿಸೆಂಬರ್ ಎರಡನೇ ವಾರ ಹಳೇ ಬಿಸ್ಕತ್ ಡಬ್ಬಿ, ಒಡೆದ ಟ್ರೇ, ಸಿಕ್ಕಿದ್ದರಲ್ಲೆಲ್ಲ ಮಣ್ಣು ತುಂಬಿ ರಾಗಿ ಚೆಲ್ಲುತ್ತಾರೆ. ಹಬ್ಬದ ಹೊತ್ತಿಗೆ ಬೆರಳುದ್ದ ಹಸಿರು ಎದ್ದಿರುತ್ತದೆ, ಅದೇ ಕುರಿ ಮೇಯುವ ಹುಲ್ಲುಗಾವಲು. ಗೋಣಿಚೀಲಕ್ಕೆ ಬಣ್ಣ ಬಳಿದು ಗುಡ್ಡ, ಹುಲ್ಲಿನ ಮಾಡು, ಒಂದು ಎತ್ತು, ಒಂದು ಕತ್ತೆ, ಮಾತೆ ಮರಿಯ, ಜೋಸೆಫ್, ಕುರುಬರು, ಒಂಟೆಯ ಜೊತೆ ಮೂವರು ಜ್ಞಾನಿಗಳು, ಮೇಲೆ ತಂತಿಗೆ ಕಟ್ಟಿದ ನಕ್ಷತ್ರ. ಎಲ್ಲಿಂದ ಬಂತೋ ಗೊತ್ತಿಲ್ಲ, ಹತ್ತಿ ಉದುರಿಸಿ ಹಿಮ ಕೂಡ ಮಾಡುತ್ತಾರೆ. ನಾನೂ ಚಿಕ್ಕವನಿದ್ದಾಗ ಮಾಡಿದವನೇ.

ಆದರೆ ಯೇಸು ಹುಟ್ಟಿದ ಬೆತ್ಲೆಹೇಮ್ ನೋಡಿ ಬಂದ ಮೇಲೆ ಗೋದಲಿ ಮುಂದೆ ನಿಂತಾಗೆಲ್ಲ ಒಂದು ವಿಷಯ ತಲೆ ತಿನ್ನುತ್ತದೆ. ಅದರಲ್ಲಿ ಊರೇ ಇಲ್ಲ. ಇರುವವರೆಲ್ಲ ಹೊರಗಿನವರು. ಗಂಡ ಹೆಂಡತಿ ನಜರೇತಿನಿಂದ ಬಂದವರು, ಜ್ಞಾನಿಗಳು ಪೂರ್ವದೇಶದವರು, ಕುರುಬರು ಹೊಲದಲ್ಲಿ ರಾತ್ರಿ ಕಳೆಯುವವರು, ದೇವದೂತರಂತೂ ಆಕಾಶದವರು. ಬಾಗಿಲು ಹಾಕಿದ ಛತ್ರದವನೊಬ್ಬನಾದರೂ ಊರಿನವನಲ್ವಾ ಅಂದರೆ, ಅವನು ನಮ್ಮ ಭಾನುವಾರದ ನಾಟಕದಲ್ಲಿ ಮಾತ್ರ ಇದ್ದಾನೆ. ಬೈಬಲಿನ ಶುಭಸಂದೇಶದಲ್ಲಿ ಛತ್ರದಲ್ಲಿ ಜಾಗ ಇರಲಿಲ್ಲ ಎಂಬ ಮಾತಿದೆ, ಛತ್ರದ ಯಜಮಾನನ ಸುದ್ದಿಯೇ ಇಲ್ಲ. ಈ ಗೋದಲಿ ಸಂಪ್ರದಾಯಕ್ಕೆ ಹೆಸರು ತಂದವರು ಸಂತ ಫ್ರಾನ್ಸಿಸ್. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲು ಇಟ್ಟು ಕ್ರಿಸ್ಮಸ್ ಮಾಡಿದರು. ಆಮೇಲೆ ನೇಪಲ್ಸ್‌ನವರು ಗೋದಲಿಯಲ್ಲಿ ಒಂದಿಡೀ ಊರನ್ನೇ ತುಂಬಿದರು: ಮೀನು ಮಾರುವವಳು, ಕಟುಕ, ಬ್ರೆಡ್ ಅಂಗಡಿ, ಬಟ್ಟೆ ಒಗೆಯುವವಳು. ಕೊನೆಗೂ ಊರು ಬಂತು ಅಂದುಕೊಂಡರೆ, ಅದು ನೇಪಲ್ಸ್!

ಅಸಲಿ ಊರಿಗೆ ಏನಾಯಿತು? ಯೇಸು ಹುಟ್ಟಿದ ಮರುದಿನವೂ ಅಲ್ಲಿ ಜನ ಎದ್ದು ನೀರು ತಂದಿರಬೇಕು, ಆಲಿವ್ ಬಿಡಿಸಿರಬೇಕು. ಎರಡು ಸಾವಿರ ವರ್ಷದಿಂದ ಆ ಊರು ಖಾಲಿ ಆಗಿಲ್ಲ. ಯೇಸು ಹುಟ್ಟಿದ ಜಾಗ ಅಂತ ಲೋಕಕ್ಕೆಲ್ಲ ಬೇಕಾದ ಒಂದು ಗುಹೆ ತಮ್ಮ ಮನೆಗಳ ನಡುವೆ ಇದ್ದರೆ ಅಲ್ಲಿನ ಜನರ ಬದುಕು ಹೇಗಿರುತ್ತದೆ ಅನ್ನೋದು ನನ್ನ ತಲೆಯಲ್ಲಿ ಕೂತ ಪ್ರಶ್ನೆ.

ನೀವು ಯಾವಾಗ ಕ್ರೈಸ್ತರಾದಿರಿ?

ಕೋವಿಡ್‌ಗೆ ಸ್ವಲ್ಪ ಮುಂಚೆ ನಮ್ಮ ಕಡೆಯ ಚರ್ಚುಗಳ ಒಂದು ಗುಂಪಿನ ಜೊತೆ ಪವಿತ್ರ ನಾಡಿನ ಯಾತ್ರೆಗೆ ಹೋಗಿದ್ದೆ. ಹೋದವರಿಗೆ ಗೊತ್ತು, ಎಲ್ಲ ಯಾತ್ರೆಯೂ ಒಂದೇ ಥರ. ಕುತ್ತಿಗೆಗೆ ಒಂದೇ ಬಣ್ಣದ ಬ್ಯಾಗು, ಬಸ್ಸಿನಲ್ಲಿ ಜಪಮಾಲೆ, ಎಲ್ಲಿ ಇಳಿದರೂ ತಲೆ ಎಣಿಕೆ. ಭಾರತದ ಗುಂಪುಗಳನ್ನು ಹೆಚ್ಚಾಗಿ ಬೆತ್ಲೆಹೇಮಿನಲ್ಲೇ ಉಳಿಸುತ್ತಾರೆ. ಭಕ್ತಿ ಗಿಕ್ತಿ ಏನಿಲ್ಲ, ಜೆರುಸಲೇಮಿಗಿಂತ ಅಲ್ಲಿ ಹೋಟೆಲ್ ಅಗ್ಗ. ದೂರವೂ ಹತ್ತೇ ಕಿಲೋಮೀಟರ್.

ಅಲ್ಲಿ ನಮ್ಮ ಗೈಡ್ ಆಗಿದ್ದವರು ಅದೇ ಊರಿನ ಕ್ರೈಸ್ತರು, ಐವತ್ತರ ಆಸುಪಾಸು. ಬಸ್ಸಿನಲ್ಲಿ ಮೈಕ್ ಹಿಡಿದು ಅವರು ಪರಿಚಯ ಹೇಳಿಕೊಂಡ ಕೂಡಲೇ ನಮ್ಮ ಗುಂಪಿನ ಹಿರಿಯ ಅಂಕಲ್ ಒಬ್ಬರು ಕೈ ಎತ್ತಿದರು. "ನಿಮ್ಮ ಹೆಸರು ಅರಬ್ಬಿ ಇದೆಯಲ್ಲ, ನಿಮ್ಮವರು ಯಾವಾಗ ಕ್ರೈಸ್ತರಾದದ್ದು?" ಗೈಡ್ ನಕ್ಕರು. ಈ ಪ್ರಶ್ನೆ ಅವರಿಗೆ ಹೊಸದಲ್ಲ ಅಂತ ಆ ನಗುವಲ್ಲೇ ಗೊತ್ತಾಯಿತು. "ಸಾರ್, ಶುರುವಾದದ್ದೇ ಇಲ್ಲಿ. ನಿಮ್ಮ ಊರಿಗೆ ಇಲ್ಲಿಂದಲೇ ಅಲ್ವಾ ಬಂದದ್ದು?" ಅಂದರು. ಅಂಕಲ್‌ಗೆ ಸಮಾಧಾನ ಆಗಲಿಲ್ಲ. ಪಕ್ಕದವರ ಹತ್ತಿರ ಮೆಲ್ಲಗೆ, "ಮುಂಚೆ ಮುಸ್ಲಿಮರೇ ಇದ್ದಿರಬೇಕು" ಅಂದದ್ದು ನನಗೆ ಕೇಳಿಸಿತು. ಇದೇ ಅಂಕಲ್‌ಗೆ ಊರಲ್ಲಿ ಯಾರಾದರೂ "ನಿಮ್ಮವರು ಯಾವಾಗ ಮತಾಂತರ ಆದದ್ದು" ಅಂತ ಕೇಳಿದರೆ ಎಷ್ಟು ಉರಿಯುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಆಮೇಲೆ ಊಟದ ಹೊತ್ತಿಗೆ ಗೈಡ್ ಜೊತೆ ಮಾತಾಡಿದೆ. ಹಳೇ ಬೆತ್ಲೆಹೇಮ್ ಏಳು ಕೇರಿಗಳ ಊರು. ಒಂದೊಂದು ಕೇರಿಗೆ ಒಂದೊಂದು ಬಳಿ, ಅಂದರೆ ಕುಲ, ಒಂದೊಂದು ಕಥೆ. ಒಂದು ಬಳಿಯವರು ತಾವು ಅರೇಬಿಯಾದ ನಜ್ರಾನ್ ಕಡೆಯಿಂದ ಬಂದ ಹಳೇ ಕ್ರೈಸ್ತರು ಅನ್ನುತ್ತಾರೆ. ಫವಾಗ್ರೆ ಎಂಬುದು ಮುಸ್ಲಿಮರ ಕೇರಿ. ತರಾಜ್ಮೆ ಅಂತ ಇನ್ನೊಂದಿದೆ, ದುಭಾಷಿಗಳ ಕೇರಿ. ಇಟಲಿಯಿಂದ ಬಂದ ಫ್ರಾನ್ಸಿಸ್ಕನ್ ಸನ್ಯಾಸಿಗಳಿಗೂ ಯಾತ್ರಿಕರಿಗೂ ಮಾತು ತಿರುಗಿಸಿ ಹೇಳುತ್ತಿದ್ದವರು, ಅವರಲ್ಲಿ ಕೆಲವರು ಇಟಲಿಯವರ ಜೊತೆ ಸಂಬಂಧವನ್ನೂ ಬೆಳೆಸಿದವರು. ನಮ್ಮ ಗೈಡ್ ಆ ಕೇರಿಯವರೇ. "ಐನೂರು ವರ್ಷದಿಂದ ನಮ್ಮ ಮನೆಯವರಿಗೆ ಇದೇ ಉದ್ಯೋಗ, ನಿಮ್ಮಂಥವರಿಗೆ ದಾರಿ ತೋರಿಸೋದು" ಅಂತ ನಕ್ಕರು.

ಗುಹೆ ಸಿಕ್ಕಿದ್ದು ಹೇಗೆ

ಯೇಸು ಹುಟ್ಟಿದ ಕಥೆ ಇರುವುದು ಮತ್ತಾಯ ಮತ್ತು ಲೂಕ ಬರೆದ ಎರಡೇ ಶುಭಸಂದೇಶಗಳಲ್ಲಿ. ಎರಡರಲ್ಲೂ ಗುಹೆಯ ಮಾತಿಲ್ಲ. ಲೂಕ ಗೋದಲಿ ಅಂದ, ಮತ್ತಾಯ ಮನೆ ಅಂದ. ಗುಹೆ ಮೊದಲು ಕೇಳಿಸುವುದು ಎರಡನೇ ಶತಮಾನದ ನಡುವಿನಲ್ಲಿ, ಜಸ್ಟಿನ್ ಎಂಬ ಹುತಾತ್ಮನ ಬರಹದಲ್ಲಿ. ಅವನು ಪ್ಯಾಲೆಸ್ತೀನಿನವನೇ. ಇನ್ನು ನೂರು ವರ್ಷಕ್ಕೆ ಆರಿಜೆನ್ ಎಂಬ ಪಂಡಿತ, ಬೆತ್ಲೆಹೇಮಿನಲ್ಲಿ ಆ ಗುಹೆಯನ್ನು ಬಂದವರಿಗೆ ತೋರಿಸುತ್ತಾರೆ, ನಮ್ಮ ಧರ್ಮದವರಲ್ಲದವರಿಗೂ ಅದು ಗೊತ್ತು ಅಂತ ಬರೆದ. ನನಗೆ ಇಷ್ಟವಾಗುವುದು ಈ ಸಾಲು. ಚರ್ಚಿಲ್ಲ, ಬಿಷಪ್ಪರ ಅಪ್ಪಣೆಯಿಲ್ಲ, ಸಾಮ್ರಾಜ್ಯ ಇನ್ನೂ ಕ್ರೈಸ್ತರನ್ನು ಹಿಡಿದು ಕೊಲ್ಲುತ್ತಿದ್ದ ಕಾಲ. ಆ ಜಾಗದ ನೆನಪನ್ನು ಉಳಿಸಿ, ಬಂದವರಿಗೆ ಬೆರಳು ಮಾಡಿ ತೋರಿಸಿದವರು ಊರಿನ ಜನ. ಹೆಸರಿಲ್ಲದ ಗೈಡ್‌ಗಳು. ಆಮೇಲೆ ಬಂದ ಸಂತ ಜೆರೋಮ್ ಇನ್ನೊಂದು ಮಾತು ಹೇಳುತ್ತಾನೆ: ರೋಮನ್ ದೊರೆ ಹೇಡ್ರಿಯನ್ ಕಾಲದಿಂದ ಸುಮಾರು 180 ವರ್ಷ ಅಲ್ಲಿ ತಮ್ಮೂಜ್ ದೇವರ ತೋಪು ಇತ್ತು, ಕ್ರಿಸ್ತ ಅತ್ತ ಗುಹೆಯಲ್ಲಿ ವೀನಸ್ ದೇವಿಯ ಪ್ರಿಯಕರನಾದ ಆ ದೇವರಿಗಾಗಿ ಅಳುತ್ತಿದ್ದರು ಅಂತ.

ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತರ ಪರ ನಿಂತ ಮೇಲೆ ಅವನ ತಾಯಿ ಹೆಲೆನಾ ಬಂದಳು, ಗುಹೆಯ ಮೇಲೆ ಎಂಟು ಮೂಲೆಯ ಕಟ್ಟಡ ಎದ್ದಿತು, 339ರಲ್ಲಿ ಚರ್ಚು ಪ್ರತಿಷ್ಠೆ ಆಯಿತು. ಇದು ಎಲ್ಲ ಪುಸ್ತಕದಲ್ಲೂ ಇದೆ.

ಅಷ್ಟು ಪ್ರಚಾರ ಸಿಗದವಳು ಪೌಲಾ. ರೋಮಿನ ದೊಡ್ಡ ಶ್ರೀಮಂತ ಮನೆತನದ ವಿಧವೆ. ಮಗಳು ಯುಸ್ಟೋಕಿಯಂ ಜೊತೆ ಮನೆ ಮಠ ಬಿಟ್ಟು ಹೊರಟು, 386ರಲ್ಲಿ ಜೆರೋಮ್ ಜೊತೆ ಬೆತ್ಲೆಹೇಮಿಗೆ ಬಂದು ನೆಲೆ ನಿಂತಳು. ಹೆಂಗಸರಿಗೆ ಮಠ, ಗಂಡಸರಿಗೆ ಮಠ, ಯಾತ್ರಿಕರಿಗೆ ಛತ್ರ, ಎಲ್ಲ ಅವಳ ದುಡ್ಡು. ಜಾಗ ಇಲ್ಲ ಅಂದ ಊರಿನಲ್ಲಿ ಛತ್ರ ಕಟ್ಟಿಸಿದಳು ನೋಡಿ! ಹೀಬ್ರೂ ಕಲಿತು ಕೀರ್ತನೆಗಳನ್ನು ಆ ಭಾಷೆಯಲ್ಲೇ ಹಾಡುತ್ತಿದ್ದಳಂತೆ. ಜೆರೋಮ್ ಅಲ್ಲಿ ಕೂತು ಬೈಬಲನ್ನು ಲ್ಯಾಟಿನ್‌ಗೆ ತಂದ. ಮುಂದೆ ಸಾವಿರ ವರ್ಷ ಯುರೋಪು ಓದಿದ್ದು ಆ ಬೈಬಲನ್ನೇ. ಪೌಲಾ 404ರಲ್ಲಿ ತೀರಿಕೊಂಡಳು, ಸಾಯುವಾಗ ಮಗಳ ತಲೆ ಮೇಲೆ ಬರೀ ಸಾಲ ಇತ್ತು ಅಂತ ಜೆರೋಮನೇ ಬರೆದಿದ್ದಾನೆ. ಇಂದಿಗೂ ಜೆರೋಮನ ಗುಹೆ ಅಂತ ತೋರಿಸುತ್ತಾರೆ. ಪೌಲಾಳ ಹೆಸರನ್ನು ನಮ್ಮ ಗುಂಪಿನಲ್ಲಿ ಯಾರೂ ಕೇಳಿರಲಿಲ್ಲ.

ಉಳಿದ ಕಟ್ಟಡ

ಈಗ ನಿಂತಿರುವ ಚರ್ಚು ಹೆಚ್ಚುಕಡಿಮೆ ಆರನೇ ಶತಮಾನದ್ದು. 529ರಲ್ಲಿ ಸಮಾರಿಯರು ಎಂಬ ಜನಾಂಗದವರು ಎದ್ದ ದಂಗೆಯಲ್ಲಿ ಹಳೆಯದು ಹಾಳಾಯಿತು, ಜಸ್ಟಿನಿಯನ್ ದೊರೆಯ ಕಾಲದಲ್ಲಿ ಹೊಸದು ಕಟ್ಟಿದರು. ಅಂದಿನಿಂದ ಇವತ್ತಿನವರೆಗೆ ಒಳಗೆ ಪೂಜೆ ನಡೆದೇ ಇದೆ. ಆ ಭಾಗದಲ್ಲಿ ಇದು ಸಣ್ಣ ಮಾತಲ್ಲ.

614ರಲ್ಲಿ ಪರ್ಷಿಯನ್ ಸೈನ್ಯ ಬಂದು ಜೆರುಸಲೇಮಿನ ಚರ್ಚುಗಳನ್ನು ಸುಟ್ಟಿತು, ಇದನ್ನು ಬಿಟ್ಟಿತು. ಗೋಡೆಯ ಮೇಲಿದ್ದ ಮೂವರು ಜ್ಞಾನಿಗಳು ಪರ್ಷಿಯನ್ ಉಡುಪಿನಲ್ಲಿದ್ದದ್ದು ನೋಡಿ, ಇವರು ನಮ್ಮವರಲ್ಲವೇ ಅಂತ ಬಿಟ್ಟರಂತೆ. ಕಥೆ ಇನ್ನೂರು ವರ್ಷದ ನಂತರ ಬರೆದಿಟ್ಟದ್ದು, ಎಷ್ಟು ನಿಜವೋ. ಆಮೇಲೆ ಅರಬ್ಬರು ಬಂದರು. ಖಲೀಫ ಉಮರ್ ಚರ್ಚಿನ ದಕ್ಷಿಣದ ಭಾಗದಲ್ಲಿ ಒಬ್ಬನೇ ನಿಂತು ನಮಾಜು ಮಾಡಿದ, ಕ್ರೈಸ್ತರಿಗೆ ಕಟ್ಟಡ ಬಿಟ್ಟುಕೊಟ್ಟ ಅನ್ನುವುದು ಊರಿನ ನೆನಪು. ಈಗ ಚರ್ಚಿನ ಎದುರು ಚೌಕದ ಆಚೆ ಅವನ ಹೆಸರಿನ ಮಸೀದಿ ಇದೆ. 1860ರಲ್ಲಿ ಕಟ್ಟಿದ್ದು, ಜಾಗ ಕೊಟ್ಟದ್ದು ಗ್ರೀಕ್ ಆರ್ಥೊಡಾಕ್ಸ್ ಚರ್ಚು. 1009ರಲ್ಲಿ ಇನ್ನೊಬ್ಬ ಖಲೀಫ ಹಾಕಿಂ ಜೆರುಸಲೇಮಿನ ಯೇಸುವಿನ ಸಮಾಧಿಯ ಚರ್ಚನ್ನೇ ಕೆಡವಿಸಿದ. ಆಗಲೂ ಇದು ಉಳಿಯಿತು. 1100ರ ಕ್ರಿಸ್ಮಸ್ ದಿನ, ಜೆರುಸಲೇಮ್ ಗೆಲ್ಲಲು ಯುರೋಪಿನಿಂದ ಬಂದ ಶಿಲುಬೆ ಯುದ್ಧದವರ ಮೊದಲ ರಾಜ ಬಾಲ್ಡ್‌ವಿನ್ ಇಲ್ಲಿ ಕಿರೀಟ ಹಾಕಿಸಿಕೊಂಡ. ಕಂಬಗಳ ಮೇಲೆ ಆ ಕಾಲದ ಸಂತರ ಚಿತ್ರಗಳಿವೆ, ಅವರಲ್ಲಿ ಇಬ್ಬರು ನಾರ್ವೆ ಮತ್ತು ಡೆನ್ಮಾರ್ಕಿನ ರಾಜರು. ಅಷ್ಟು ದೂರದಿಂದ ಬಂದವರು ತಮ್ಮ ದೇಶದವರನ್ನು ಅಲ್ಲಿ ಬರೆಸಿ ಹೋಗಿದ್ದಾರೆ.

ಗೋಡೆಯ ಮೇಲಿನ ಬಣ್ಣದ ಹರಳಿನ ಚಿತ್ರಗಳು 1169ರವು. ಕೆಲಸ ಮಾಡಿದವನು ಎಫ್ರಾಯಿಂ ಎಂಬ ಸನ್ಯಾಸಿ. ಬರಹದಲ್ಲಿ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಮ್ಯಾನುವೆಲ್, ಜೆರುಸಲೇಮಿನ ರಾಜ ಅಮಾಲ್ರಿಕ್, ಇಲ್ಲಿನ ಬಿಷಪ್ ರಾಲ್ಫ್, ಮೂವರ ಹೆಸರೂ ಇದೆ. ಪಕ್ಕದ ದೇವದೂತನ ಕೆಳಗೆ ಬಾಸಿಲ್ ಎಂಬ ಇನ್ನೊಬ್ಬನ ಸಹಿ, ಲ್ಯಾಟಿನ್ ಮತ್ತು ಸಿರಿಯಾಕ್ ಭಾಷೆಗಳಲ್ಲಿ. ಗ್ರೀಕ್, ಲ್ಯಾಟಿನ್, ಸಿರಿಯಾಕ್ ಮೂರೂ ಒಂದೇ ಚರ್ಚಿನ ಗೋಡೆಯಲ್ಲಿ ಜಗಳವಿಲ್ಲದೆ ನಿಂತ ಕಾಲವೂ ಒಂದಿತ್ತು. 2013ರಲ್ಲಿ ಶುರುವಾದ ದೊಡ್ಡ ರಿಪೇರಿ ನಡೆಯುತ್ತಿದ್ದಾಗ ಆರು ದೇವದೂತರ ಸಾಲಿನಲ್ಲಿ ಏಳನೆಯವನು ಗಾರೆಯ ಹಿಂದೆ ಸಿಕ್ಕಿದ. ನಾವು ಹೋದಾಗ ತೊಳೆದು ಹೊಳೆಯುತ್ತಿದ್ದ.

ಇಲ್ಲೊಂದು ತಮಾಷೆ ಹೇಳಲೇಬೇಕು. 1187ರಲ್ಲಿ ಮುಸ್ಲಿಂ ದೊರೆ ಸಲಾದಿನ್ ಈ ನಾಡು ಗೆದ್ದ, ಕೊನೆಗೆ ಬೆತ್ಲೆಹೇಮಿನ ಬಿಷಪ್ಪರಿಗೆ ಊರಿಲ್ಲದಂತಾಯಿತು. ಅವರು ಫ್ರಾನ್ಸಿನ ಕ್ಲಾಮೆಸಿ ಎಂಬ ಸಣ್ಣ ಊರಿಗೆ ಹೋದರು. ಅಲ್ಲಿ ಹಿಂದೆ ಒಬ್ಬ ದೊಡ್ಡವನು ಬರೆದುಕೊಟ್ಟ ಒಂದು ಆಸ್ಪತ್ರೆ ಇತ್ತು. ಅಲ್ಲೇ ಕೂತು, ಒಬ್ಬರಾದ ಮೇಲೊಬ್ಬರು, ಫ್ರೆಂಚ್ ಕ್ರಾಂತಿಯವರೆಗೆ ಐನೂರಕ್ಕೂ ಜಾಸ್ತಿ ವರ್ಷ "ಬೆತ್ಲೆಹೇಮಿನ ಬಿಷಪ್" ಆಗಿದ್ದರು. ಊರು ಬೇಡ, ಜನ ಬೇಡ, ಹೆಸರಿದ್ದರೆ ಸಾಕು.

ನಕ್ಷತ್ರ ಮತ್ತು ಪೊರಕೆ

ಒಳಗೆ ಹೋಗುವ ಬಾಗಿಲು ಸುಮಾರು ನಾಲ್ಕು ಅಡಿ. ಬಗ್ಗಲೇಬೇಕು. ಅದಕ್ಕೆ ವಿನಯದ ಬಾಗಿಲು ಅಂತ ಹೆಸರಿಟ್ಟು ಫಾದರ್‌ಗಳು ಪ್ರಸಂಗ ಮಾಡುತ್ತಾರೆ. ಕಟ್ಟಿದ ಕಾರಣ ಬೇರೆ: ಕುದುರೆ, ಗಾಡಿ ಒಳಗೆ ನುಗ್ಗದಿರಲಿ ಅಂತ. ಗೋಡೆ ದಿಟ್ಟಿಸಿ ನೋಡಿದರೆ ಮೂರು ಕಾಲ ಕಾಣುತ್ತದೆ. ಮೇಲೆ ಜಸ್ಟಿನಿಯನ್ ಕಾಲದ ಅಗಲವಾದ ಕಲ್ಲಿನ ಪಟ್ಟಿ, ಅದರ ಕೆಳಗೆ ಶಿಲುಬೆ ಯುದ್ಧದವರ ಚೂಪು ಕಮಾನು, ಅದನ್ನೂ ಮುಚ್ಚಿ ಉಳಿಸಿದ ಈ ಕಿಂಡಿ. ನಮ್ಮ ಗುಂಪಿನ ಮಂಡಿನೋವಿನ ಆಂಟಿಯೊಬ್ಬರು ಗೋಡೆ ಹಿಡಿದು, "ಯೇಸುವೇ, ಬಗ್ಗೋದು ಸರಿ, ಎಬ್ಬಿಸೋರು ಯಾರು" ಅಂದದ್ದಕ್ಕೆ ಹಿಂದಿದ್ದವರೆಲ್ಲ ನಕ್ಕರು.

ಗುಹೆಗೆ ಇಳಿಯುವ ಸಾಲು ಮುಗಿಯುವ ಹಾಗೆಯೇ ಇರಲಿಲ್ಲ. ಮುಂದೆ ರಷ್ಯನ್ ಹೆಂಗಸರು ತಲೆಗೆ ಬಟ್ಟೆ ಕಟ್ಟಿ ಹಾಡುತ್ತಿದ್ದರು, ಹಿಂದೆ ಇಂಡೋನೇಷ್ಯಾದವರು ಸೆಲ್ಫಿ ತೆಗೆಯುತ್ತಿದ್ದರು. ಅರ್ಧವೃತ್ತದ ಮೆಟ್ಟಿಲು ಸವೆದು ನುಣ್ಣಗಾಗಿದೆ, ಜಾರುತ್ತದೆ. ಕೆಳಗೆ ಉದ್ದನೆಯ, ಇಕ್ಕಟ್ಟಿನ ಕೋಣೆ. ಎಣ್ಣೆ, ಮೇಣ, ಬೆವರು ಎಲ್ಲ ಸೇರಿದ ವಾಸನೆ. ಕಲ್ಲಿನ ಗೋಡೆಯೇ ಕಾಣುವುದಿಲ್ಲ, ಬಟ್ಟೆ ಹೊದಿಸಿದ್ದಾರೆ. ಅದು ಕಲ್ನಾರಿನ ಬಟ್ಟೆ. 1869ರಲ್ಲಿ ಬೆಂಕಿ ಬಿದ್ದ ಮೇಲೆ, ಇನ್ನು ಮುಂದೆ ಸುಡದಿರಲಿ ಅಂತ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್‌ಮಹೋನ್ 1874ರಲ್ಲಿ ಕಳಿಸಿದ್ದು. ಪೀಠದ ಕೆಳಗೆ ಅಮೃತಶಿಲೆಯ ಮೇಲೆ ಬೆಳ್ಳಿಯ ನಕ್ಷತ್ರ, ಹದಿನಾಲ್ಕು ಮೊನೆ, ನಡುವೆ ತೂತು. ಮೊಣಕಾಲೂರಿ, ತಲೆ ಒಳಗೆ ತೂರಿಸಿ, ಕೈ ಇಟ್ಟು ಮುತ್ತಿಡಬೇಕು. ಕೆಲವೇ ಸೆಕೆಂಡು, ಅಷ್ಟರಲ್ಲಿ ಕಾವಲಿನವನು "ಯಲ್ಲಾ ಯಲ್ಲಾ" ಅನ್ನುತ್ತಾನೆ. ನಾನು ಎದ್ದು ಬದಿಗೆ ನಿಂತು ದೀಪ ಎಣಿಸಿದೆ. ನಕ್ಷತ್ರದ ಸುತ್ತ ಹದಿನೈದು, ಚರ್ಚನ್ನು ಹಂಚಿಕೊಂಡ ಮೂರು ಪಂಗಡಗಳದ್ದು: ಆರು ಗ್ರೀಕ್ ಆರ್ಥೊಡಾಕ್ಸರದ್ದು, ಐದು ಆರ್ಮೇನಿಯನ್ನರದ್ದು, ನಾಲ್ಕು ಕಥೋಲಿಕರದ್ದು.

ಈ ಲೆಕ್ಕದ ಹಿಂದೆ ರಕ್ತ ಹರಿದಿದೆ. ನಕ್ಷತ್ರದ ಮೇಲೆ ಲ್ಯಾಟಿನ್ ಬರಹ, 1717 ಅಂತ ಇಸವಿ. ಅಂದರೆ ಕಥೋಲಿಕರು ಇಟ್ಟದ್ದು. 1847ರಲ್ಲಿ ಅದು ಕಳುವಾಯಿತು. ಕಥೋಲಿಕರು ಗ್ರೀಕರ ಮೇಲೆ ಹೇಳಿದರು. ಕಥೋಲಿಕರ ಬೆನ್ನಿಗೆ ಫ್ರಾನ್ಸ್, ಗ್ರೀಕರ ಬೆನ್ನಿಗೆ ರಷ್ಯಾ, ನಡುವೆ ಒಟ್ಟೋಮನ್ ಸುಲ್ತಾನ. ಅವನು ಹೊಸ ನಕ್ಷತ್ರ ಮಾಡಿಸಿ ಹಾಕಿದ, 1852ರಲ್ಲಿ ಯಾರ ಬಳಿ ಏನಿದೆಯೋ ಅದು ಹಾಗೇ ಇರಲಿ ಅಂತ ಫರ್ಮಾನೂ ಹೊರಡಿಸಿದ. ಮರುವರ್ಷ ಕ್ರಿಮಿಯಾ ಯುದ್ಧ ಶುರುವಾಯಿತು. ಯುದ್ಧಕ್ಕೆ ಇದೊಂದೇ ಕಾರಣ ಅಂದರೆ ತಪ್ಪು, ರಾಜ್ಯಗಳ ಆಸೆ ದೊಡ್ಡದಿತ್ತು. ಆದರೆ ನೆವ ಸಿಕ್ಕಿದ್ದು ಇಲ್ಲಿ.

ಆ ಫರ್ಮಾನು ಈಗಲೂ ನಡೆಯುತ್ತದೆ. ಯಾವ ಮೊಳೆ ಯಾರದ್ದು, ಯಾವ ಮೆಟ್ಟಿಲು ಯಾರು ಗುಡಿಸಬೇಕು, ಎಲ್ಲಕ್ಕೂ ಲೆಕ್ಕ. ಗುಡಿಸಿದವನ ಹಕ್ಕು ಜಾಗದ ಮೇಲೆ ಕೂರುತ್ತದೆ, ಅದಕ್ಕೇ ಪೊರಕೆ ಹಿಡಿದು ಜಗಳ. ನಮ್ಮ ಊರ ತೇರಿನಲ್ಲಿ ಮೊದಲ ಕಾಯಿ ಯಾರದ್ದು ಅಂತ ತಲೆ ಒಡೆದುಕೊಂಡು ಕೋರ್ಟಿಗೆ ಹೋಗುವವರನ್ನು ನೋಡಿದವರಿಗೆ ಇದು ಅರ್ಥ ಮಾಡಿಸಬೇಕಾಗಿಲ್ಲ. 2007ರಲ್ಲೂ 2011ರಲ್ಲೂ ಕ್ರಿಸ್ಮಸ್ ಸಮಯದ ಶುಚಿ ಕೆಲಸದಲ್ಲಿ ಗ್ರೀಕ್ ಮತ್ತು ಆರ್ಮೇನಿಯನ್ ಸನ್ಯಾಸಿಗಳು ಪೊರಕೆಯಲ್ಲಿ ಹೊಡೆದಾಡಿದರು. ಬಿಡಿಸಿದವರು ಪ್ಯಾಲೆಸ್ತೀನಿ ಪೊಲೀಸರು, ಬಹುಪಾಲು ಮುಸ್ಲಿಮರು. ಮಾಡು ಸೋರುತ್ತಿದ್ದರೂ ಯಾರು ರಿಪೇರಿ ಮಾಡಿಸಬೇಕು ಅಂತ ತೀರ್ಮಾನ ಆಗದೆ ದಶಕಗಳು ಹೋದವು. 1479ರಲ್ಲಿ ಇದೇ ಮಾಡಿಗೆ ಇಂಗ್ಲೆಂಡಿನ ರಾಜ ನಾಲ್ಕನೇ ಎಡ್ವರ್ಡ್ ಸೀಸ ಕೊಟ್ಟಿದ್ದ, ಬರ್ಗಂಡಿಯಿಂದ ಮರ ಬಂದಿತ್ತು, ವೆನಿಸಿನವರು ಹಡಗಿನಲ್ಲಿ ತಂದಿದ್ದರು.

ಹೀಗೆ ಎಲ್ಲರೂ ಕಾದಾಡಿದ್ದರಿಂದಲೇ ಕಟ್ಟಡ ಉಳಿಯಿತು ಅನಿಸುತ್ತದೆ. ಯಾರಿಗೂ ಪೂರ್ತಿ ಸಿಗದ ಕಾರಣ ಯಾರೂ ಕೆಡವಿ ತಮಗೆ ಬೇಕಾದ ಹಾಗೆ ಹೊಸದು ಕಟ್ಟಲಾಗಲಿಲ್ಲ. ಊರಿಗೆ ಮಾತ್ರ ಇಂಥ ವಾರಸುದಾರರು ಯಾರೂ ಇರಲಿಲ್ಲ.

ಚಿಪ್ಪು, ಮರ, ಹಡಗು

ಸಂಜೆ ಹೋಟೆಲಿನಲ್ಲಿ ಎಲ್ಲರೂ ಕಾಲು ನೀವಿಕೊಳ್ಳುತ್ತಿದ್ದಾಗ ಗೈಡ್ ನನ್ನನ್ನು ಸ್ಟಾರ್ ಸ್ಟ್ರೀಟ್ ಎಂಬ ಹಳೇ ಬೀದಿಗೆ ಕರೆದುಕೊಂಡು ಹೋದರು. ಯಾತ್ರಿಕರು ಊರು ಹೊಗುತ್ತಿದ್ದ ಹಳೇ ದಾರಿ ಅದು, ಈಗಲೂ ಕ್ರಿಸ್ಮಸ್ ಮೆರವಣಿಗೆ ಬರುವುದು ಅಲ್ಲಿಂದಲೇ. ಕಲ್ಲಿನ ಮನೆಗಳು, ಬಾಗಿಲ ಮೇಲೆ ಕುದುರೆ ಏರಿದ ಸಂತ ಜಾರ್ಜರ ಕೆತ್ತನೆ. ಅವರನ್ನು ಅಲ್ಲಿನ ಮುಸ್ಲಿಮರೂ ಅಲ್ ಖದರ್ ಅಂತ ನಂಬುತ್ತಾರೆ. ಕೆಳಗೆ ಸಾಲು ಅಂಗಡಿ, ಹೆಚ್ಚಿನವಕ್ಕೆ ಹಸಿರು ಬಣ್ಣದ ಕಬ್ಬಿಣದ ಬಾಗಿಲು ಮುಚ್ಚಿತ್ತು. ಗೈಡ್ ಒಂದೊಂದೇ ಬಾಗಿಲು ತೋರಿಸುತ್ತಾ ಹೋದರು. ಇವರು ಚಿಲಿ. ಇವರೂ ಚಿಲಿ. ಇವರು ಹೊಂಡುರಾಸ್. ಈ ಮನೆಯವರು ಅಮೆರಿಕ. ಇಲ್ಲಿ ಒಬ್ಬ ಅಜ್ಜಿ ಇದ್ದಾರೆ, ಮಕ್ಕಳು ಪೆರು.

ಇದು ಇತ್ತೀಚಿನ ವಲಸೆ ಅಂದುಕೊಂಡಿದ್ದವರಿಗೆ ಹೇಳಬೇಕು, ಶುರುವಾಗಿ ನೂರೈವತ್ತು ವರ್ಷ ಆಗುತ್ತಾ ಬಂತು. ಊರಿನ ಕಸುಬು ಆಲಿವ್ ಮರದ ಕೆತ್ತನೆ, ಮುತ್ತಿನ ಚಿಪ್ಪಿನ ಕೆಲಸ. ಚಿಪ್ಪಿನ ಕೆಲಸವನ್ನು ಬೆಳೆಸಿದವರು ಫ್ರಾನ್ಸಿಸ್ಕನ್ನರು. ಶಿಲುಬೆ, ಜಪಮಾಲೆ, ಚರ್ಚಿನ ಪುಟ್ಟ ಮಾದರಿ. ಯಾತ್ರಿಕರು ಬರುವವರೆಗೆ ಕಾಯುವುದು ಯಾಕೆ ಅಂತ ಬೆತ್ಲೆಹೇಮಿನ ವ್ಯಾಪಾರಿಗಳು ಪೆಟ್ಟಿಗೆ ಹೊತ್ತು ತಾವೇ ಹೊರಟರು. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ದೊಡ್ಡ ಪ್ರದರ್ಶನದಲ್ಲಿ ಅಂಗಡಿ ಹಾಕಿದರು. ಆಮೇಲೆ ದಕ್ಷಿಣಕ್ಕೆ, ಕಥೋಲಿಕ ದೇಶಗಳಿಗೆ. ಪವಿತ್ರ ನಾಡಿನವನು ಪವಿತ್ರ ನಾಡಿನ ಜಪಮಾಲೆ ಮಾರಿದರೆ ಯಾರು ಬೇಡ ಅಂತಾರೆ? ದುಡ್ಡು ಬಂತು. ಆ ದುಡ್ಡಿನಲ್ಲಿ ಊರಿನಲ್ಲಿ ಅರಮನೆಯಂಥ ಮನೆಗಳೆದ್ದವು. ಸುಲೇಮಾನ್ ಜಾಸಿರ್ 1910ರಲ್ಲಿ ಕಟ್ಟಿಸಿದ ಮನೆ ಈಗ ದೊಡ್ಡ ಹೋಟೆಲು. ಅದೇ ಸಮಯಕ್ಕೆ ಒಟ್ಟೋಮನ್ ಸರ್ಕಾರ ಕ್ರೈಸ್ತ ಹುಡುಗರನ್ನೂ ಸೈನ್ಯಕ್ಕೆ ಎಳೆಯತೊಡಗಿತು, ಮೊದಲ ಮಹಾಯುದ್ಧ ಬಂತು, ಹಡಗು ಹತ್ತಿದವರ ಸಂಖ್ಯೆ ಏರಿತು. ಯುದ್ಧ ಮುಗಿದ ಮೇಲೆ ವಾಪಸ್ ಬರಬೇಕೆಂದವರೂ ಇದ್ದರು. ಆಗ ಆಳುತ್ತಿದ್ದ ಬ್ರಿಟಿಷರು 1925ರಲ್ಲಿ ತಂದ ಪೌರತ್ವದ ಕಾನೂನಿನಲ್ಲಿ ಹೊರಗಿದ್ದ ಸಾವಿರಾರು ಜನರ ಅರ್ಜಿ ನಿಲ್ಲಲಿಲ್ಲ. ಜಪಮಾಲೆ ಮಾರಲು ಹೋದವರು ಅಲ್ಲಿಯವರೇ ಆಗಿಬಿಟ್ಟರು.

ಚಿಲಿಯಲ್ಲಿ ಪ್ಯಾಲೆಸ್ತೀನ್ ಮೂಲದವರು ಇವತ್ತು ಲಕ್ಷಗಟ್ಟಲೆ. ಬಹಳಷ್ಟು ಜನ ಬೆತ್ಲೆಹೇಮ್, ಪಕ್ಕದ ಬೇತ್ ಜಾಲಾ, ಬೇತ್ ಸಾಹೂರಿನವರು. ಬೆತ್ಲೆಹೇಮಿನ ಇವತ್ತಿನ ಜನಸಂಖ್ಯೆ ಸುಮಾರು 30 ಸಾವಿರ. ಚಿಲಿಯಲ್ಲಿ 1920ರಲ್ಲಿ ಹುಟ್ಟಿದ ಪಾಲೆಸ್ತಿನೊ ಎಂಬ ಫುಟ್‌ಬಾಲ್ ಕ್ಲಬ್ ಈಗಲೂ ಮೊದಲ ದರ್ಜೆಯಲ್ಲಿ ಆಡುತ್ತದೆ. ಎಲ್ ಸಾಲ್ವಡಾರಿನ 2004ರ ಅಧ್ಯಕ್ಷ ಚುನಾವಣೆಯಲ್ಲಿ ಬಲಪಂಥದ ಆಂತೋನಿಯೊ ಸಾಕಾ, ಎಡಪಂಥದ ಶಫೀಕ್ ಹಂದಾಲ್ ಎದುರಾಬದುರಾ ನಿಂತರು. ಇಬ್ಬರ ಮನೆತನವೂ ಬೆತ್ಲೆಹೇಮಿನದ್ದೇ! ಸಾಕಾ ಗೆದ್ದರು. "ನಮ್ಮ ಊರಿನವರು ಎಲ್ಲ ದೇಶ ಆಳುತ್ತಾರೆ, ನಮ್ಮ ಊರೊಂದು ಬಿಟ್ಟು" ಅಂದರು ಗೈಡ್.

ಹತ್ತು ಕಿಲೋಮೀಟರ್

ಆಮೇಲಿನ ಕಥೆ ಪೇಪರ್ ಓದುವವರಿಗೆಲ್ಲ ಗೊತ್ತಿರುವುದರಿಂದ ಬೇಗ ಹೇಳಿಬಿಡುತ್ತೇನೆ. 1948ರ ಯುದ್ಧದಲ್ಲಿ ಮನೆ ಕಳೆದುಕೊಂಡ ಸಾವಿರಾರು ಜನ ಓಡಿಬಂದು ಊರಿನ ಅಂಚಿನಲ್ಲಿ ಡೇರೆ ಹಾಕಿದರು. ದೆಹೈಶೆ, ಆಯ್ದಾ ಶಿಬಿರಗಳು ಈಗ ಸಿಮೆಂಟಿನ ಕಿಕ್ಕಿರಿದ ಕೇರಿಗಳು. 1967ರವರೆಗೆ ಜೋರ್ಡನ್, ಆಮೇಲೆ ಇಸ್ರೇಲಿನ ಸೈನ್ಯ, 1995ರ ಕ್ರಿಸ್ಮಸ್ ಹೊತ್ತಿಗೆ ಪ್ಯಾಲೆಸ್ತೀನಿ ಆಡಳಿತ. 2002ರ ಏಪ್ರಿಲ್ 2ರಂದು ಬಂದೂಕುಧಾರಿಗಳೂ ಊರಿನ ಜನರೂ ಸೇರಿ ಇನ್ನೂರಕ್ಕೂ ಹೆಚ್ಚು ಜನ ಚರ್ಚಿನೊಳಗೆ ಹೊಕ್ಕರು, ಹೊರಗೆ ಇಸ್ರೇಲಿ ಸೈನ್ಯ ಸುತ್ತುವರಿಯಿತು. 39 ದಿನ. ಸನ್ಯಾಸಿಗಳು ಹೊರಗೆ ಬರಲು ಒಪ್ಪಲಿಲ್ಲ, ಒಳಗಿದ್ದವರ ಜೊತೆಗೇ ಇದ್ದರು. ಕೊನೆಗೆ 13 ಜನರನ್ನು ಯುರೋಪಿಗೆ, 26 ಜನರನ್ನು ಗಾಜಾಕ್ಕೆ ಗಡೀಪಾರು ಮಾಡಿ ಮುಗಿಸಿದರು. ಅದೇ ವರ್ಷಗಳಲ್ಲಿ ಕಾಂಕ್ರೀಟ್ ಗೋಡೆ ಎದ್ದಿತು. ದಾಳಿ ತಡೆಯಲು ಅಂತ ಇಸ್ರೇಲ್, ಜಾಗ ನುಂಗಲು ಅಂತ ಪ್ಯಾಲೆಸ್ತೀನಿಯರು. ಊರಿನ ಉತ್ತರದ ತುದಿಯಲ್ಲಿ ರಾಹೇಲಳ ಸಮಾಧಿ ಇದೆ, ಯೆಹೂದಿಗಳಿಗೆ ಬಹಳ ಬೇಕಾದ ಜಾಗ. ಗೋಡೆ ಅದನ್ನು ಆಚೆಗೆ ಸೇರಿಸಿಕೊಂಡು ತಿರುಗುತ್ತದೆ. 1948ಕ್ಕೆ ಮುಂಚೆ ಊರಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಕ್ರೈಸ್ತರಿದ್ದರು, ಈಗ ತೀರಾ ಕಮ್ಮಿ. ಮೇಯರ್ ಮಾತ್ರ ಕ್ರೈಸ್ತರೇ ಇರಬೇಕು ಅಂತ ನಿಯಮ ಇದೆ.

ಕಾರಣ ಏನು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮುಸ್ಲಿಮರ ಒತ್ತಡ ಅನ್ನುವವರಿದ್ದಾರೆ, ಗೋಡೆ ಮತ್ತು ಸೈನ್ಯ ಅನ್ನುವವರಿದ್ದಾರೆ. ಗೈಡ್ ಅಂದದ್ದು ಸರಳ: ಕೆಲಸ ಇಲ್ಲ, ಹೊರಗೆ ಅಣ್ಣ ತಮ್ಮ ಇದ್ದಾರೆ, ಹೋಗೋಕೆ ದಾರಿ ಇದೆ. ದಾರಿ ಇಲ್ಲದವನು ಉಳಿಯುತ್ತಾನೆ. ನಮ್ಮ ಕರಾವಳಿಯಲ್ಲಿ ಅಜ್ಜ ಅಜ್ಜಿ ಮಾತ್ರ ಉಳಿದ ಎರಡು ಮಾಳಿಗೆ ಮನೆಗಳನ್ನು ನೋಡಿದ ನನಗೆ ಈ ಕಾರಣವೇ ಹೆಚ್ಚು ನಂಬಿಕೆ ಬರುವಂಥದ್ದು.

ಮರುದಿನ ಶನಿವಾರ ನನ್ನ ಚಿಕ್ಕಮ್ಮನ ಮಗಳು ನೋಡಲು ಬಂದಳು. ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಮಂಗಳೂರು, ಉಡುಪಿ ಕಡೆಯವರು ಆ ಕೆಲಸಕ್ಕೆ ಅಲ್ಲಿಗೆ ತುಂಬ ಜನ ಹೋಗಿದ್ದಾರೆ. ಶನಿವಾರ ರಜೆ, ಜೆರುಸಲೇಮಿನಿಂದ ಬಸ್ಸು ಹಿಡಿದರೆ ಬೆತ್ಲೆಹೇಮ್. ಕ್ರಿಸ್ಮಸ್‌ಗೆ ಎಲ್ಲರೂ ಸೇರಿ ಬರುತ್ತಾರಂತೆ, ಚೌಕದಲ್ಲಿ ಚಳಿಯಲ್ಲಿ ನಿಂತು ನಡುರಾತ್ರಿಯ ಪೂಜೆ ಪರದೆಯಲ್ಲಿ ನೋಡಿ, ಕೇಕು ಹಂಚಿಕೊಂಡು ಹೋಗುತ್ತಾರಂತೆ. ಅವಳನ್ನು ಗೈಡ್‌ಗೆ ಪರಿಚಯ ಮಾಡಿಸಿದೆ. ಅವರು ಕೇಳಿದ್ದು ಒಂದೇ: "ಈಸ್ಟರ್‌ಗೆ ಜೆರುಸಲೇಮಿನ ಚರ್ಚಿಗೆ ಹೋಗ್ತೀಯಾ?" ಇವಳು, "ಹೋಗ್ತೀನಲ್ಲ ಅಂಕಲ್, ಪ್ರತಿ ವರ್ಷ" ಅಂದಳು. "ನನಗೆ ಈ ವರ್ಷ ಇಸ್ರೇಲಿನ ಪರ್ಮಿಟ್ ಬಂತು, ಹೆಂಡತಿಗೆ ಬರಲಿಲ್ಲ. ಹಾಗಾಗಿ ಇಬ್ಬರೂ ಹೋಗಲಿಲ್ಲ" ಅಂದರು. ಹತ್ತು ಕಿಲೋಮೀಟರ್. ಬೆಳ್ತಂಗಡಿಯಿಂದ ಕೆಲಸಕ್ಕೆ ಹೋದ ಹುಡುಗಿ ಓಡಾಡುವ ದಾರಿಯಲ್ಲಿ ಆ ಊರಿನವರು ಕಾಗದಕ್ಕೆ ಕಾಯಬೇಕು. ಅವಳು ಸ್ವಲ್ಪ ಹೊತ್ತು ಸುಮ್ನೆ ಇದ್ದು, ಬ್ಯಾಗಿನಿಂದ ಚಕ್ಕುಲಿ ಪೊಟ್ಟಣ ತೆಗೆದು ಅವರಿಗೆ ಕೊಟ್ಟಳು. ಅಮ್ಮ ಕಳಿಸಿದ್ದನ್ನು ನಾನು ಊರಿಂದ ಹೊತ್ತು ತಂದದ್ದು.

ಗೈಡ್ ಜೊತೆ ವಾಟ್ಸಾಪ್‌ನಲ್ಲಿ ಸಂಪರ್ಕ ಉಳಿದಿದೆ. ಕೋವಿಡ್ ಬಂತು, ಯಾತ್ರೆ ನಿಂತಿತು. ಚೇತರಿಸಿಕೊಂಡಿತು ಅನ್ನುವಷ್ಟರಲ್ಲಿ 2023ರ ಅಕ್ಟೋಬರ್, ಗಾಜಾ ಯುದ್ಧ. ಆ ವರ್ಷ ಊರಿನ ಚರ್ಚುಗಳು ಕ್ರಿಸ್ಮಸ್ ಸಂಭ್ರಮ ಬೇಡ ಅಂತ ತೀರ್ಮಾನ ಮಾಡಿದವು. ಲೂಥರನ್ ಚರ್ಚಿನಲ್ಲಿ ಒಡೆದ ಕಲ್ಲು ಸಿಮೆಂಟಿನ ರಾಶಿಯ ನಡುವೆ ಯೇಸುಬಾಲನನ್ನು ಮಲಗಿಸಿದ್ದ ಫೋಟೊ ಎಲ್ಲ ಕಡೆ ಬಂತು, ನೀವೂ ನೋಡಿರುತ್ತೀರಿ. 2024ರಲ್ಲೂ ಚೌಕದಲ್ಲಿ ಮರ ಇಡಲಿಲ್ಲ. ಗೈಡ್ ಒಂದಷ್ಟು ದಿನ ಭಾವನ ಆಲಿವ್ ತೋಟದಲ್ಲಿ ಕೆಲಸ ಮಾಡಿದರು. ಅಣ್ಣ ಚಿಲಿಯ ಸಾಂತಿಯಾಗೊದಿಂದ ಬಾ ಬಾ ಅನ್ನುತ್ತಿದ್ದಾರೆ. ಮಗ ಸ್ಪ್ಯಾನಿಷ್ ಕಲಿಯುತ್ತಿದ್ದಾನೆ.

ಈಚೆಗೆ ಒಂದು ವಾಯ್ಸ್ ಮೆಸೇಜ್ ಬಂತು. ನಿಮ್ಮ ಫಾದರ್ ಗುಂಪು ಕರೆದುಕೊಂಡು ಬರುತ್ತಾರಾ ಕೇಳಿ, ಹೋಟೆಲಿನವರು ಅರ್ಧ ರೇಟಿಗೆ ಕೊಡ್ತಾರೆ, ನಾನು ಬಸ್ಸಿನ ಹತ್ತಿರವೇ ಕಾಯ್ತೀನಿ ಅಂತ. ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಮಾತು ತೆಗೆದೆ. ಜನ ಹೆದರ್ತಾರೆ, ಇನ್ಶೂರೆನ್ಸ್‌ನವರು ಏನಂತಾರೋ, ಈ ಸಲಕ್ಕೆ ವೇಲಾಂಕಣ್ಣಿ ಅಂತ ಆಗಿದೆ, ಮುಂದಿನ ವರ್ಷ ನೋಡೋಣ ಅಂದರು. ಹಾಗೇ ಟೈಪ್ ಮಾಡಿ ಕಳಿಸಿದ್ದೇನೆ.